ಅಜ್ಜಯ್ಯನ ಪಿಕಪ್ಪಿಗೆ ಯಾವ ಎಂಜಿನ್ನು?

ಮೇಸ್ತ್ರಿಯನ್ನು ಕೇಳಿ: ಓದುಗರ ಪ್ರಶ್ನೆಗಳಿಗೆ ಚಿಕ್ಕಮಗಳೂರಿನ ಗ್ಯಾರೇಜಿನಿಂದ ಉತ್ತರ

ಪ್ರಶ್ನೆ: ಮೇಸ್ತ್ರಿಗಳೇ, ನಮ್ಮದು ಆಲ್ದೂರಿನ ಹತ್ತಿರ ಕಾಫಿ ತೋಟ. ಅಜ್ಜಯ್ಯ ಓಡಿಸುತ್ತಿದ್ದ 1951ರ ಷೆವರ್ಲೆ 3100 ಪಿಕಪ್ ಕಣದ ಪಕ್ಕದ ಶೆಡ್ಡಿನಲ್ಲಿ 1989ರಿಂದ ನಿಂತಿದೆ. ಬಾಡಿ ಗಟ್ಟಿಯಿದೆ, ಎಂಜಿನ್ ಜಾಮ್ ಆಗಿದೆ. ಅದನ್ನು ಹಾಟ್ ರಾಡ್, ಅಂದರೆ ಹಳೇ ಬಾಡಿಯಲ್ಲೇ ಜೋರಾಗಿ ಓಡುವ ಗಾಡಿ, ಮಾಡಬೇಕು ಅಂತ ನನಗೆ ಕಾಲೇಜಿನ ದಿನದಿಂದ ಆಸೆ. ಬೆಂಗಳೂರಿನ ಸ್ನೇಹಿತರೊಬ್ಬರ ಹತ್ತಿರ 5.7 ಲೀಟರಿನ ಷೆವರ್ಲೆ ವಿ8 (ವಿ ಆಕಾರದಲ್ಲಿ ಎಂಟು ಸಿಲಿಂಡರ್) ಎಂಜಿನ್ ಇದೆ, ಕೊಡುತ್ತೇನೆ ಅಂತಿದ್ದಾರೆ. ಅಪ್ಪ ಕ್ವಾಲಿಸ್ ಡೀಸೆಲ್ ಹಾಕು ಅಂತಾರೆ. ಚಿಕ್ಕಪ್ಪ ತವೇರಾ ಎಂಜಿನ್ ಹಾಕಿದರೆ ಅದೂ ಷೆವರ್ಲೆಯೇ ಅಲ್ಲವಾ ಅಂತಾರೆ. ಅಮ್ಮನನ್ನು ಕೂರಿಸಿಕೊಂಡು ಚಾರ್ಮಾಡಿ ಇಳಿದು ಧರ್ಮಸ್ಥಳಕ್ಕೆ ಹೋಗಿಬರುವ ಹಾಗಿರಬೇಕು. ಹಿಂದಿನ ಆಕ್ಸಲಿನ ಹೌಸಿಂಗ್ ಬಿಚ್ಚಿ ಗೇರಿನ ಹಲ್ಲು ಎಣಿಸಿದೆ, ದೊಡ್ಡದರಲ್ಲಿ 37, ಚಿಕ್ಕದರಲ್ಲಿ 9. ಯಾವ ಎಂಜಿನ್ ಹಾಕಲಿ?
— ಆಲ್ದೂರು ಕಡೆಯ ಬೆಳೆಗಾರರು

ಉತ್ತರ: ತಮ್ಮಾ, ಹೌಸಿಂಗ್ ಬಿಚ್ಚಿ ಹಲ್ಲು ಎಣಿಸಿ ಆಮೇಲೆ ಪತ್ರ ಬರೆದಿದ್ದೀರಲ್ಲ, ಅದು ನನಗೆ ತುಂಬಾ ಹಿಡಿಸಿತು. ನನಗೆ ಪತ್ರ ಬರೆಯೋರಲ್ಲಿ ಹೆಚ್ಚಿನವರು ಎಂಜಿನ್ ಮೊದಲು ಕೊಂಡು, ಅದು ಎಲ್ಲಿ ಕೂರುತ್ತೆ ಅಂತ ಆಮೇಲೆ ಕೇಳ್ತಾರೆ.

ನಿಮ್ಮ ಗಾಡಿಯಲ್ಲಿರೋದು 216 ಕ್ಯೂಬಿಕ್ ಇಂಚಿನ, ಅಂದರೆ ಸುಮಾರು ಮೂರೂವರೆ ಲೀಟರಿನ, ಆರು ಸಿಲಿಂಡರ್ ಸಾಲಾಗಿ ನಿಂತ ಪೆಟ್ರೋಲ್ ಎಂಜಿನ್. ಹೊಸದರಲ್ಲಿ 92 ಅಶ್ವಶಕ್ತಿ. 1928ರಿಂದ 1954ರವರೆಗೆ ಜನರಲ್ ಮೋಟಾರ್ಸ್‌ನವರು ಮುಂಬಯಿಯಲ್ಲಿ ಗಾಡಿ ಜೋಡಿಸುತ್ತಿದ್ದರು. ನಿಮ್ಮದು ಬಲಗೈ ಸ್ಟಿಯರಿಂಗ್ ಆಗಿದ್ದರೆ ಬಹುಶಃ ಹಾಗೇ ಬಂದಿದ್ದು.

ವಿ8 ಆಸೆ ನನಗೆ ಅರ್ಥವಾಗುತ್ತೆ. ಹಾಟ್ ರಾಡ್ ಅನ್ನೋದು ಹುಟ್ಟಿದ್ದೇ ಹಾಗೆ. 1930ರ ದಶಕದಲ್ಲಿ ಅಮೆರಿಕದ ದಕ್ಷಿಣ ಕ್ಯಾಲಿಫೋರ್ನಿಯಾದ ಹುಡುಗರು ಅಗ್ಗದ ಹಳೇ ಫೋರ್ಡ್ ಕೊಂಡು, ಮಡ್‌ಗಾರ್ಡು ಕಿತ್ತು, ಎಂಜಿನ್ ಹದ ಮಾಡಿ, ಮುರೋಕ್ ಅನ್ನೋ ಒಣಗಿದ ಕೆರೆಯಂಗಳದಲ್ಲಿ ಓಡಿಸುತ್ತಿದ್ದರು. ಫೋರ್ಡ್ ಕಂಪನಿ 1932ರಲ್ಲಿ ಸಾಮಾನ್ಯ ಜನರ ಕಾರಿಗೆ 65 ಅಶ್ವಶಕ್ತಿಯ ವಿ8 ಕೊಟ್ಟ ಮೇಲೆ ಆ ಹುಚ್ಚು ಇನ್ನೂ ಹೆಚ್ಚಿತು. ಷೆವರ್ಲೆಯ ಸಣ್ಣ ವಿ8 ಬಂದಿದ್ದು 1955ರಲ್ಲಿ. ನಿಮ್ಮ ಪಿಕಪ್ಪಿನ ನಂತರದ ಮಾದರಿಗೆ ಕಂಪನಿಯೇ ಅದನ್ನು ಹಾಕಿ ಕೊಟ್ಟಿತು. ನಿಮ್ಮ ಸ್ನೇಹಿತರ 5.7 ಲೀಟರಿನದು 350 ಕ್ಯೂಬಿಕ್ ಇಂಚಿನದು, ಅದು ಶುರುವಾಗಿದ್ದು 1967ರಲ್ಲಿ. ಒಳ್ಳೆಯ ಎಂಜಿನ್ನು. ತೂಕದಲ್ಲೂ ಹಳೇ ಆರು ಸಿಲಿಂಡರಿನದಕ್ಕಿಂತ ಜಾಸ್ತಿಯೇನಲ್ಲ.

ಹಾಗಾದರೂ ನಿಮಗೆ ಅದು ಬೇಡ ಅಂತೀನಿ. ಕಾರಣ ಹೇಳೋ ಮೊದಲು ನನ್ನ ಕೈಯಿಂದ ಆದ ಒಂದು ತಪ್ಪು ಹೇಳಬೇಕು.

1993. ನನಗೆ ಮೂವತ್ತು ವಯಸ್ಸು, ಸ್ವಂತ ಗ್ಯಾರೇಜು ಹಾಕಿ ಎರಡು ವರ್ಷ. ಮೂಡಿಗೆರೆ ಕಡೆಯ ಬೆಳೆಗಾರರೊಬ್ಬರು ಅವರ ಸಿಜೆ-3ಬಿ ಜೀಪಿಗೆ ಜೋರಾದ ಎಂಜಿನ್ ಬೇಕು ಅಂದರು. ಕಾಂಟೆಸಾ ಕಾರಿನ ಇಸುಜು 1.8 ಪೆಟ್ರೋಲ್ ಎಂಜಿನ್ ತಂದೆ. ಬೆಲ್‌ಹೌಸಿಂಗಿಗೂ (ಎಂಜಿನ್ನಿನ ಬೆನ್ನಿಗೆ ಕೂತು ಕ್ಲಚ್ಚನ್ನು ಮುಚ್ಚೋ ಕವಚ) ಗೇರ್‌ಬಾಕ್ಸಿಗೂ ನಡುವೆ ಬೇಕಾದ ಪ್ಲೇಟನ್ನು ಲೇತಿನಲ್ಲಿ ನಾನೇ ನಿಂತು ಮಾಡಿಸಿದೆ. ಎಂಜಿನ್ ಎಷ್ಟು ಚೆನ್ನಾಗಿ ಕೂತಿತ್ತು ಅಂದರೆ ಬಾನೆಟ್ ಎತ್ತಿ ಬಂದವರಿಗೆಲ್ಲ ತೋರಿಸುತ್ತಿದ್ದೆ. ಬ್ರೇಕು ಮಾತ್ರ ಹಳೇದೇ. ಒಂಬತ್ತು ಇಂಚಿನ ಡ್ರಮ್ಮು, ನಾಲ್ಕು ಚಕ್ರಕ್ಕೂ ಸೇರಿ ಒಂದೇ ಮಾಸ್ಟರ್ ಸಿಲಿಂಡರು, ಒಂದೇ ಲೈನು. ಲೈನರ್ ದಪ್ಪ ಇದೆ, ಸಾಕು ಅಂದುಕೊಂಡೆ.

ಅಕ್ಟೋಬರಿನಲ್ಲಿ ಒಂದು ಮಧ್ಯಾಹ್ನ ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು ಇಬ್ಬರೂ ಘಾಟಿ ಇಳಿದೆವು. ಸ್ಟಿಯರಿಂಗ್ ನನ್ನ ಕೈಯಲ್ಲಿ. ಮಲಯ ಮಾರುತ ದಾಟಿ ಕೆಳಗೆ, ಒಂದು ತಿರುವಿನ ಮೊದಲು ಪೆಡಲ್ ಒತ್ತಿದರೆ ಅದು ಕಾಲಿನ ಜೊತೆಗೇ ಹೋಗಿ ತಳಕ್ಕೆ ಕೂತಿತು. ಹಿಂದಿನ ಎಡಚಕ್ರದ ಸಿಲಿಂಡರಿನ ರಬ್ಬರ್ ಬಟ್ಟಲು ಒಡೆದಿತ್ತು. ಲೈನು ಒಂದೇ ಆದ್ದರಿಂದ ಎಣ್ಣೆಯೆಲ್ಲ ಅಲ್ಲಿಂದ ಹೋಯಿತು, ನಾಲ್ಕು ಚಕ್ರದ್ದೂ ಒಟ್ಟಿಗೆ. ಹ್ಯಾಂಡ್‌ಬ್ರೇಕ್ ಎಳೆದು, ಗೇರ್ ಇಳಿಸಿ, ಗುಡ್ಡದ ಬದಿಯ ಚರಂಡಿಗೆ ಇಳಿಸಿದೆ. ನನಗೆ ಏನೂ ಆಗಲಿಲ್ಲ, ಅವರ ಭುಜದ ಮೂಳೆ ಮುರಿಯಿತು. ಆರ್.ಸಿ.ಯಲ್ಲಿದ್ದ ಎಂಜಿನ್ ನಂಬರು ಗಾಡಿಯಲ್ಲಿರಲಿಲ್ಲ. ವಿಮೆಯವರು ಒಂದು ಪೈಸೆ ಕೊಡಲಿಲ್ಲ. ಆಸ್ಪತ್ರೆಯ ಖರ್ಚು ನಾನು ಕೊಟ್ಟೆ, ಅದು ನ್ಯಾಯವೇ. ಎಂಜಿನ್ನಿಗೆ ಒಂದು ಗೀರೂ ಬಿದ್ದಿರಲಿಲ್ಲ.

ಅವತ್ತಿನಿಂದ ನನ್ನ ಗ್ಯಾರೇಜಿನಲ್ಲಿ ಒಂದೇ ಕ್ರಮ. ಕಾಗದ ಮೊದಲು, ಬ್ರೇಕು ಎರಡನೆಯದು, ಎಂಜಿನ್ನು ಮೂರನೆಯದು. ನಿಮ್ಮ ಗಾಡಿಯನ್ನೂ ಅದೇ ಕ್ರಮದಲ್ಲಿ ನೋಡೋಣ.

ಕಾಗದ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ, ತಯಾರಕರು ಮೂಲದಲ್ಲಿ ಕೊಟ್ಟ ವಿವರಕ್ಕೂ ಆರ್.ಸಿ. ವಿವರಕ್ಕೂ ತಾಳೆಯಾಗದ ಹಾಗೆ ಗಾಡಿ ಬದಲಾಯಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಮತ್ತೆ ಗಟ್ಟಿಯಾಗಿ ಹೇಳಿದೆ. ಆರು ಸಿಲಿಂಡರಿನ ಜಾಗಕ್ಕೆ ವಿ8 ಹಾಕಿದರೂ, ಪೆಟ್ರೋಲಿನ ಜಾಗಕ್ಕೆ ಕ್ವಾಲಿಸ್ ಡೀಸೆಲ್ ಹಾಕಿದರೂ ನೀವು ಈ ಕಲಮಿನ ಎದುರು ನಿಲ್ಲುತ್ತೀರಿ. ತೋಟದೊಳಗಿನ ನಿಮ್ಮದೇ ರಸ್ತೆಯಲ್ಲಿ ಓಡಿಸಿಕೊಳ್ಳಿ, ಅದು ಬೇರೆ ಮಾತು. ಅಮ್ಮನನ್ನು ಕೂರಿಸಿಕೊಂಡು ಧರ್ಮಸ್ಥಳಕ್ಕೆ ಅಂದಿರಲ್ಲ, ಅದಕ್ಕೇ ಇಷ್ಟು ಹೇಳಬೇಕಾಯಿತು. ಬ್ರೇಕ್ ಇನ್‌ಸ್ಪೆಕ್ಟರು ಬಿಡಬಹುದು, ಅಪಘಾತವಾದ ದಿನ ವಿಮೆ ಬಿಡೋದಿಲ್ಲ.

ಇನ್ನು ಕಬ್ಬಿಣದ ಮಾತು. ನಿಮ್ಮ ಗಾಡಿಯ ಪ್ರೊಪೆಲ್ಲರ್ ಶಾಫ್ಟು ಹೊರಗೆ ಕಾಣೋದಿಲ್ಲ, ಗಮನಿಸಿದ್ದೀರಾ? ಒಂದು ದಪ್ಪ ಕೊಳವೆಯೊಳಗೆ ತಿರುಗುತ್ತೆ. ಅದನ್ನು ಟಾರ್ಕ್ ಟ್ಯೂಬ್ ಅಂತಾರೆ. ಹಿಂದಿನ ಚಕ್ರ ಗಾಡಿಯನ್ನು ಮುಂದಕ್ಕೆ ತಳ್ಳೋ ಬಲವನ್ನು ಆ ಕೊಳವೆಯೇ ಗೇರ್‌ಬಾಕ್ಸಿನ ಬೆನ್ನಿಗೆ ಮುಟ್ಟಿಸುತ್ತೆ. ಷೆವರ್ಲೆಯವರು ಅರ್ಧ ಟನ್ನಿನ ಪಿಕಪ್ಪಿಗೆ 1954ರವರೆಗೂ ಹೀಗೇ ಮಾಡಿದರು. ಈಗ ಕ್ವಾಲಿಸ್ ಎಂಜಿನ್ ತಂದರೆ ಅದರ ಗೇರ್‌ಬಾಕ್ಸೂ ಜೊತೆಗೆ ಬರುತ್ತೆ, ಆ ಗೇರ್‌ಬಾಕ್ಸಿನ ಬೆನ್ನಿಗೆ ಈ ಕೊಳವೆ ಕೂರೋದಿಲ್ಲ. ಕೊಳವೆ ಹೋದರೆ ಹಿಂದಿನ ಹೌಸಿಂಗ್ ಹೋಗಬೇಕು. ಹೌಸಿಂಗ್ ಹೋದರೆ ಸ್ಪ್ರಿಂಗ್ ಕೂರುವ ಜಾಗ, ಹ್ಯಾಂಡ್‌ಬ್ರೇಕಿನ ಕೇಬಲ್ಲು, ಚಕ್ರ ಎಲ್ಲ ಹಿಂದೆಯೇ ಹೋಗುತ್ತವೆ. ಅಪ್ಪ ಹೇಳಿದ ಕಡಿಮೆ ಖರ್ಚು ಎಂಜಿನ್ನಿನ ಬೆಲೆಗೆ ಮಾತ್ರ. ಕ್ವಾಲಿಸಿನ 2.4 ಲೀಟರ್ ಡೀಸೆಲ್ ಗಟ್ಟಿ ಎಂಜಿನ್ ಅನ್ನೋದರಲ್ಲಿ ನನಗೆ ಎರಡು ಮಾತಿಲ್ಲ, ಆದರೆ ಅದು 75 ಅಶ್ವಶಕ್ತಿಯದು. ಇಷ್ಟೆಲ್ಲ ಕಿತ್ತು ಹಾಕಿ, ಇದ್ದ 92ರಿಂದ 75ಕ್ಕೆ ಇಳಿಯೋದು ಯಾಕೆ?

ಚಿಕ್ಕಪ್ಪನ ತವೇರಾದ 2.5 ಲೀಟರಿನದು ಇಸುಜು ವಿನ್ಯಾಸದ ಎಂಜಿನ್ನು. ಮೇಲಿರೋ ಬಿಲ್ಲೆ ಒಂದೇ ಆದರೂ ಟಾರ್ಕ್ ಟ್ಯೂಬಿನ ಸಮಸ್ಯೆ ಹಾಗೇ ಉಳಿಯುತ್ತೆ.

ವಿ8ಗೆ ಈ ಎಲ್ಲ ತೊಂದರೆಯ ಜೊತೆಗೆ ಇನ್ನೊಂದಿದೆ. ಅಮೆರಿಕದ ಪುಸ್ತಕ, ವಿಡಿಯೊ ನೋಡಿದರೆ ನಿಮಗೆ ಇದು ಗೊತ್ತಾಗೋದಿಲ್ಲ, ಅಲ್ಲಿ ಸ್ಟಿಯರಿಂಗ್ ಎಡಕ್ಕೆ. ಷೆವರ್ಲೆ ಸಣ್ಣ ವಿ8ರ ಸೆಲ್ಫ್ ಮೋಟಾರು ಎಂಜಿನ್ನಿನ ಬಲಬದಿಯ ತಳದಲ್ಲಿ ಕೂರುತ್ತೆ. ನಮ್ಮಲ್ಲಿ ಸ್ಟಿಯರಿಂಗ್ ಬಾಕ್ಸು ಇರೋದೂ ಅದೇ ಬಲಬದಿಯ ಚಾಸಿಯ ಮೇಲೆ. ಅದರ ಪಕ್ಕದಲ್ಲೇ ಬಲಗಡೆಯ ನಾಲ್ಕು ಸಿಲಿಂಡರಿನ ಎಕ್ಸಾಸ್ಟ್ ಇಳಿಯಬೇಕು. ಮೂರಕ್ಕೂ ಒಂದೇ ಜಾಗ. ಅಲ್ಲಿ ಸ್ಟಿಯರಿಂಗ್ ಶಾಫ್ಟನ್ನು ಕತ್ತರಿಸಿ ಜಾಯಿಂಟ್ ಹಾಕೋ ಕೆಲಸಕ್ಕೆ ನಾನು ಕೈ ಹಾಕೋದಿಲ್ಲ, ನಿಮ್ಮ ಊರಿನ ವೆಲ್ಡಿಂಗ್ ಅಂಗಡಿಯವರಿಗೂ ಹಾಕಲು ಬಿಡಬೇಡಿ.

ಹಾಗಾದರೆ ಏನು ಹಾಕೋದು? ಹಾಕೋ ಮೊದಲು, ಇರೋದು ನಿಜವಾಗಿ ಜಾಮ್ ಆಗಿದೆಯಾ ಅಂತ ನೋಡಿ. ಮೂವತ್ತೈದು ವರ್ಷ ಮಲೆನಾಡಿನ ಮಳೆಯಲ್ಲಿ ನಿಂತ ಎಂಜಿನ್ನು ಹೆಚ್ಚಿನ ಸಲ ರಿಂಗು ಬೋರಿಗೆ ಕಚ್ಚಿಕೊಂಡಿರುತ್ತೆ, ಅಷ್ಟೇ. ಆರೂ ಪ್ಲಗ್ಗು ಬಿಚ್ಚಿ. ಡೀಸೆಲ್ಲಿಗೆ ಅಷ್ಟೇ ಪ್ರಮಾಣದ ಪವರ್ ಸ್ಟಿಯರಿಂಗ್ ಎಣ್ಣೆ ಬೆರೆಸಿ ಒಂದೊಂದು ಸಿಲಿಂಡರಿಗೂ ಒಂದು ಟೀ ಲೋಟದಷ್ಟು ಬಿಡಿ. ಪ್ಲಗ್ಗಿನ ತೂತಿಗೆ ಬಟ್ಟೆ ತುರುಕಿ ಹತ್ತು ದಿನ ಮುಟ್ಟಬೇಡಿ. ಆಮೇಲೆ ಫ್ಲೈವೀಲಿನ ಹಲ್ಲಿಗೆ ಸಲಾಕೆ ಕೊಟ್ಟು ಹಿಂದಕ್ಕೊಂದು ಕೂದಲೆಳೆ, ಮುಂದಕ್ಕೊಂದು ಕೂದಲೆಳೆ ಅಲುಗಿಸುತ್ತಾ ಬನ್ನಿ. ಟ್ರ್ಯಾಕ್ಟರಿಗೆ ಕಟ್ಟಿ ಎಳೆದು ಗೇರಿಗೆ ಹಾಕುವ ಕೆಲಸ ಖಂಡಿತ ಬೇಡ, ಅಂಟಿಕೊಂಡ ವಾಲ್ವು ಇದ್ದರೆ ಪುಷ್‌ರಾಡು ಬಾಗಿಹೋಗುತ್ತೆ. ತಿರುಗಿತು ಅಂದರೆ, ಫ್ಲೈವೀಲಿನ ಅಂಚಿನಲ್ಲಿ ಒಂದು ಪುಟ್ಟ ಉಕ್ಕಿನ ಗುಂಡು ಕೂರಿಸಿದ್ದಾರೆ, ಹುಡುಕಿ. ಟೈಮಿಂಗ್ ಗುರುತು ಅದೇ. ತುಕ್ಕು ಒರೆಸಿದಾಗ ಅದು ಬೆಳ್ಳಿಯ ಹಾಗೆ ಹೊಳೆಯುತ್ತೆ. ನೋಡಿದಾಗ ಗೊತ್ತಾಗುತ್ತೆ, ಈ ಎಂಜಿನ್ ಮಾಡಿದವರಿಗೆ ಎಷ್ಟು ಅಕ್ಕರೆಯಿತ್ತು ಅಂತ.

ಈ 216ರ ಒಂದು ಸ್ವಭಾವ ತಿಳಿದುಕೊಳ್ಳಬೇಕು. ಅದರ ಕನೆಕ್ಟಿಂಗ್ ರಾಡಿನ ಬೇರಿಂಗಿಗೆ ಇವತ್ತಿನ ಎಂಜಿನ್ನಿನ ಹಾಗೆ ಕ್ರ್ಯಾಂಕಿನೊಳಗಿಂದ ಒತ್ತಡದಲ್ಲಿ ಎಣ್ಣೆ ಬರೋದಿಲ್ಲ. ರಾಡಿನ ತಳದಲ್ಲಿ ಪುಟ್ಟ ಸೌಟಿನಂಥ ಒಂದು ತುಂಡಿದೆ. ಕೆಳಗೆ ಎಣ್ಣೆ ತುಂಬಿದ ತೊಟ್ಟಿಯಿದೆ. ಪ್ರತಿ ಸುತ್ತಿಗೂ ಆ ಸೌಟು ತೊಟ್ಟಿಯಿಂದ ಎಣ್ಣೆ ಮೊಗೆದು ಬೇರಿಂಗಿಗೆ ಕುಡಿಸುತ್ತೆ. ಬೇರಿಂಗೂ ಬಿಡಿ ಚಿಪ್ಪಲ್ಲ, ವೈಟ್ ಮೆಟಲ್ ಎರಕ ಹೊಯ್ದಿದ್ದು. ನಿಧಾನದ ಓಟಕ್ಕೆ ಇದು ಹತ್ತಾರು ವರ್ಷ ಬರುತ್ತೆ. ಗಂಟೆಗಟ್ಟಲೆ ಎಳೆದು ಓಡಿಸಿದರೆ ಮಾತ್ರ ಸೌಟು ಮೊಗೆದದ್ದು ಸಾಲದೆ ಬೇರಿಂಗ್ ಕರಗುತ್ತೆ. ಡ್ಯಾಶ್‌ಬೋರ್ಡಿನ ಎಣ್ಣೆಯ ಮುಳ್ಳು ಹದಿನಾಲ್ಕು, ಹದಿನೈದು ಪೌಂಡು ತೋರಿಸಿದರೆ ಹೆದರಬೇಡಿ, ಇದಕ್ಕೆ ಅದೇ ಸರಿಯಾದ ಒತ್ತಡ.

ನಿಮ್ಮ 37ಕ್ಕೆ 9 ಅಂದರೆ 4.11, ಚಕ್ರ ಒಂದು ಸುತ್ತು ತಿರುಗೋಕೆ ಪ್ರೊಪೆಲ್ಲರ್ ಶಾಫ್ಟು ಅಷ್ಟು ಸುತ್ತು ತಿರುಗಬೇಕು. ಹದಿನಾರು ಇಂಚಿನ ರಿಮ್ಮಿಗೆ ಹಳೇ ಅಳತೆಯ ಟಯರು ಹಾಕಿದರೆ ಒಂದು ಸುತ್ತಿಗೆ ಗಾಡಿ ಸುಮಾರು 2.24 ಮೀಟರ್ ಹೋಗುತ್ತೆ. ಟಾಪ್ ಗೇರಿನಲ್ಲಿ 60 ಕಿ.ಮೀ. ವೇಗಕ್ಕೆ ಎಂಜಿನ್ ನಿಮಿಷಕ್ಕೆ 1,830 ಸುತ್ತು, 80ರಲ್ಲಿ 2,450, 100ರಲ್ಲಿ 3,050ರ ಮೇಲೆ. ಈ ಎಂಜಿನ್ 60–65ರಲ್ಲಿ ನೆಮ್ಮದಿಯಾಗಿರುತ್ತೆ. ಆಲ್ದೂರಿನಿಂದ ಚಿಕ್ಕಮಗಳೂರಿಗೆ ಬರೋ ರಸ್ತೆಯಲ್ಲಿ ಅದಕ್ಕಿಂತ ಜೋರಾಗಿ ಹೋಗೋಕೆ ಜಾಗ ಎಲ್ಲಿದೆ ಹೇಳಿ. ನಮ್ಮೂರು ಸಮುದ್ರಮಟ್ಟದಿಂದ ಸಾವಿರ ಮೀಟರಿಗಿಂತ ಎತ್ತರದಲ್ಲಿದೆ. ಟರ್ಬೊ ಇಲ್ಲದ ಯಾವ ಎಂಜಿನ್ನೂ ಇಲ್ಲಿ ಹತ್ತರಲ್ಲಿ ಒಂದು ಪಾಲು ಶಕ್ತಿ ಬಿಟ್ಟೇ ಓಡುತ್ತೆ. ಅದನ್ನೂ ಲೆಕ್ಕಕ್ಕೆ ಹಿಡಿಯಿರಿ.

ನನ್ನ ಆಯ್ಕೆ ಅಂತ ಕೇಳಿದರೆ, ಇದೇ ಮನೆತನದ ಅಣ್ಣ 235. ಸುಮಾರು 3.9 ಲೀಟರ್. 1954ರಿಂದ ಟ್ರಕ್ಕುಗಳಿಗೆ ಬಂದ 235ರಲ್ಲಿ ಸೌಟು ಇಲ್ಲ, ಎಲ್ಲ ಬೇರಿಂಗಿಗೂ ಒತ್ತಡದಲ್ಲೇ ಎಣ್ಣೆ, ಬೇರಿಂಗೂ ಬಿಡಿ ಚಿಪ್ಪು. ನಿಮ್ಮ ಬೆಲ್‌ಹೌಸಿಂಗಿಗೆ ಅದೇ ಬೋಲ್ಟಿಗೆ ಕೂರುತ್ತೆ. ಗೇರ್‌ಬಾಕ್ಸು, ಟಾರ್ಕ್ ಟ್ಯೂಬು, ನೀವು ಎಣಿಸಿದ ಹೌಸಿಂಗು ಎಲ್ಲ ಹಾಗೇ ಇರುತ್ತೆ. 1955ರ ನಂತರದ 235 ಆದರೆ ವಾಟರ್ ಪಂಪು ಎತ್ತರವಾಗಿರುತ್ತೆ, ಫ್ಯಾನು ರೇಡಿಯೇಟರಿನ ನಡುವೆ ಬರೋದಿಲ್ಲ. ಹಳೇ ಗಿಡ್ಡ ಪಂಪನ್ನೇ ಕೂರಿಸೋಕೆ ಅಡಾಪ್ಟರ್ ಪ್ಲೇಟು ಸಿಗುತ್ತೆ. ಆರ್‌.ಟಿ.ಓ. ಕಚೇರಿಯಲ್ಲಿ ಮಾತ್ರ ಮೊದಲೇ ಬರವಣಿಗೆಯಲ್ಲಿ ಅರ್ಜಿ ಕೊಟ್ಟು, ಬರವಣಿಗೆಯಲ್ಲೇ ಉತ್ತರ ತೆಗೆದುಕೊಂಡು ಆಮೇಲೆ ದುಡ್ಡು ಹಾಕಿ. ಆಗೋದಿಲ್ಲ ಅಂದರೆ ನಿಮ್ಮ ನಂಬರಿನ 216ನ್ನೇ ಕಟ್ಟಿಸಿ. ವೈಟ್ ಮೆಟಲ್ ಹೊಯ್ಯೋ ಕೈಗಳು ಕಡಿಮೆಯಾಗಿವೆ, ಸ್ವಲ್ಪ ಹುಡುಕಬೇಕು.

ಆರು ಸಿಲಿಂಡರಿನದು ಹಾಟ್ ರಾಡ್ ಹೇಗಾಗುತ್ತೆ ಅಂತ ಮುಖ ಸಣ್ಣದು ಮಾಡಿಕೊಳ್ಳಬೇಡಿ. ಷೆವರ್ಲೆಯ ಹೆಮ್ಮೆಯ ಕಾರ್ವೆಟ್ 1953ರಲ್ಲಿ ಮೊದಲ ಸಲ ಬಂದಾಗ ಅದರ ಬಾನೆಟ್ಟಿನ ಕೆಳಗೆ ವಿ8 ಇರಲಿಲ್ಲ. ಇದೇ 235ಕ್ಕೆ ಮೂರು ಕಾರ್ಬೊರೇಟರು ಹಾಕಿ 150 ಅಶ್ವಶಕ್ತಿ ತೆಗೆದಿದ್ದರು. ನಿಮಗೆ ಎರಡು ಕಾರ್ಬೊರೇಟರು ಸಾಕು. ಎಕ್ಸಾಸ್ಟ್ ಮ್ಯಾನಿಫೋಲ್ಡನ್ನು ಎರಡಾಗಿ ಒಡೆಯಿರಿ. ಮುಂದಿನ ಮೂರಕ್ಕೆ ಒಂದು ಪೈಪು, ಹಿಂದಿನ ಮೂರಕ್ಕೆ ಒಂದು, ಎರಡಕ್ಕೂ ಸೈಲೆನ್ಸರ್. ಈ ಎಂಜಿನ್ನಿನ ಫೈರಿಂಗ್ ಸರದಿ 1-5-3-6-2-4. ಬೆರಳಲ್ಲಿ ಎಣಿಸಿ ನೋಡಿ: ಒಂದು ಮುಂದಿನದು, ಒಂದು ಹಿಂದಿನದು, ಮತ್ತೆ ಮುಂದಿನದು, ಮತ್ತೆ ಹಿಂದಿನದು. ಎರಡೂ ಪೈಪಿಗೆ ಸರಿಸಮ ತಾಳದಲ್ಲಿ ಸದ್ದು ಬರುತ್ತೆ. ಗ್ಯಾರೇಜಿನಲ್ಲಿ ನಾನು ಇಂಥದ್ದೊಂದನ್ನು ಒಮ್ಮೆ ಶುರು ಮಾಡಿದಾಗ ಎದುರು ಮನೆಯ ಅಜ್ಜಿ ಕೈಯಲ್ಲಿದ್ದ ಮೊರ ಬಿಟ್ಟು ಬಂದು ನಿಂತು ಕೇಳಿದ್ದರು. ವಿ8 ಗುಡುಗುತ್ತೆ, ಇದು ತಂಬೂರಿಯ ಹಾಗೆ ಮಿಡಿಯುತ್ತೆ. ನನಗೆ ಇದೇ ಇಷ್ಟ.

ಇದಕ್ಕೆಲ್ಲ ಮೊದಲು ಬ್ರೇಕು. ನಿಮ್ಮದು ಹನ್ನೊಂದು ಇಂಚಿನ ಡ್ರಮ್ಮು, ಒಳ್ಳೆಯದೇ. ಆದರೆ ಮಾಸ್ಟರ್ ಸಿಲಿಂಡರು ಒಂದೇ, ನಾನು ಅವತ್ತು ನಂಬಿದ ಥರದ್ದೇ. ಮುಂದೆ ಬೇರೆ, ಹಿಂದೆ ಬೇರೆ ಲೈನು ಇರೋ ಟ್ಯಾಂಡಮ್ ಸಿಲಿಂಡರ್ ಹಾಕಿ. ಲೈನನ್ನು ಹೊಸ ಉಕ್ಕಿನ ಪೈಪಿನಲ್ಲಿ ಎಳೆಸಿ, ಎಲ್ಲ ಚಕ್ರದ ರಬ್ಬರ್ ಬದಲಿಸಿ. ಮುಂದೆ ಡಿಸ್ಕ್ ಹಾಕೋ ಆಸೆಯಿದ್ದರೆ ಒಂದು ಅನುಕೂಲ ಇದೆ. ನಿಮ್ಮ ಆರು ಬೋಲ್ಟಿನ ವೃತ್ತ 139.7 ಮಿಲಿಮೀಟರ್. ಇಸುಜು ಡಿ-ಮ್ಯಾಕ್ಸ್, ಟೊಯೋಟಾ ಫಾರ್ಚುನರ್ ಗಾಡಿಗಳದ್ದೂ ಅದೇ ಅಳತೆ. ಕರೆಂಟನ್ನು ಆರು ವೋಲ್ಟಿನಿಂದ ಹನ್ನೆರಡಕ್ಕೆ ಏರಿಸಿ. ಘಾಟಿಯ ಮಂಜಿನಲ್ಲಿ ಆರು ವೋಲ್ಟಿನ ದೀಪ ನಂಬಬಾರದು.

ಎಲ್ಲ ಮುಗಿದ ಮೇಲೆ ಮೊದಲ ಸಲ ಘಾಟಿ ಇಳಿಯೋ ದಿನ ಅಮ್ಮ ಬೇಡ. ನನ್ನನ್ನು ಕರೆಯಿರಿ, ಪಕ್ಕದಲ್ಲಿ ನಾನು ಕೂರುತ್ತೇನೆ.

ಪ್ರಶ್ನೆ: ನನ್ನ ಹತ್ತಿರ ವಿಲ್ಲೀಸ್ ಪಿಕಪ್ ಇದೆ, ಹರಿಕೇನ್ ಪೆಟ್ರೋಲ್ ಎಂಜಿನ್, ಓಡುವ ಸ್ಥಿತಿಯಲ್ಲಿದೆ. ಎಳೆತ ಸಾಲದು. ಇನ್ನೋವಾದ 2.5 ಡೀಸೆಲ್ ಎಂಜಿನ್ ಹಾಕಿಸಿದರೆ ಹೇಗೆ? ಶಿರಾಡಿಯಲ್ಲಿ ಲಾರಿ ಹಿಂದಿಕ್ಕುವಷ್ಟು ಬೇಕು.
— ಸಕಲೇಶಪುರದ ಓದುಗರು

ಉತ್ತರ: ಬೇಡ ಸ್ವಾಮಿ. ಶಿರಾಡಿಯಲ್ಲಿ ಲಾರಿ ಹಿಂದಿಕ್ಕೋ ಆಸೆಯನ್ನೇ ಮೊದಲು ಬಿಡಿ.

ಹರಿಕೇನ್ ಎಂಜಿನ್ 2.2 ಲೀಟರಿನದು, 75 ಅಶ್ವಶಕ್ತಿ. ಇನ್ಲೆಟ್ ವಾಲ್ವು ಹೆಡ್ಡಿನಲ್ಲಿ, ಎಕ್ಸಾಸ್ಟ್ ವಾಲ್ವು ಬ್ಲಾಕಿನಲ್ಲಿ. ಆ ಕಾಲದ ಅಪರೂಪದ ಜೋಡಣೆ. ಇನ್ನೋವಾದ ಡೀಸೆಲ್ 102 ಅಶ್ವಶಕ್ತಿ, ಎಳೆತ 200 ನ್ಯೂಟನ್ ಮೀಟರ್. ನಿಮ್ಮದರ ಎಳೆತ 155ರ ಆಸುಪಾಸು. ನಿಮ್ಮ ಮೂರು ಗೇರಿನ ಟಿ-90 ಗೇರ್‌ಬಾಕ್ಸನ್ನು ಆ 155ಕ್ಕೆ ತಕ್ಕ ಹಾಗೆ ಮಾಡಿದ್ದು. ಮೇಲಾಗಿ ಇನ್ನೋವಾ ಎಂಜಿನ್ ಓಡೋದು ಕಂಪ್ಯೂಟರಿನ ಮಾತು ಕೇಳಿ. ಸೆನ್ಸರು, ವೈರಿಂಗು, ಕೀಲಿಯ ಇಮೊಬಿಲೈಸರು ಎಲ್ಲ ಸಮೇತ ತರಬೇಕು. ಮುಂಗಾರಿನಲ್ಲಿ ಬಾನೆಟ್ಟಿನ ಸಂದಿಯಿಂದ ನೀರು ಸುರಿಯೋ ಗಾಡಿಯಲ್ಲಿ ಆ ವೈರಿಂಗ್ ಎಷ್ಟು ದಿನ ಬಾಳುತ್ತೆ?

ನಿಮ್ಮ ಹೌಸಿಂಗಿನ ಅನುಪಾತ ಮೂಲದ್ದೇ ಆಗಿದ್ದರೆ 43ಕ್ಕೆ 8, ಅಂದರೆ 5.38 ಇರುತ್ತೆ. ಏಳು ನೂರು–ಹದಿನಾರು (7.00–16) ಅಳತೆಯ ಟಯರಿನಲ್ಲಿ 80 ಕಿ.ಮೀ.ಗೆ ಎಂಜಿನ್ ನಿಮಿಷಕ್ಕೆ ಮೂರು ಸಾವಿರ ಸುತ್ತು ತಿರುಗುತ್ತೆ. ಇದು ಏರು ಹತ್ತೋಕೆ ಮಾಡಿದ ಗಾಡಿ, ಓಟಕ್ಕಲ್ಲ. ಎಳೆತ ಸಾಲದು ಅಂದರೆ ಮೊದಲು ಕಂಪ್ರೆಷನ್ ನೋಡಿಸಿ. ಬ್ಲಾಕಿನಲ್ಲಿರೋ ಎಕ್ಸಾಸ್ಟ್ ವಾಲ್ವು ಸೀಟು ಸುಟ್ಟು ಸೋರುತ್ತಿರಬಹುದು. ನಮ್ಮ ದೇಶದಲ್ಲಿ 2000ದಲ್ಲಿ ಸೀಸದ ಪೆಟ್ರೋಲ್ ನಿಂತಿತು, ಸೀಸ ಆ ಸೀಟುಗಳನ್ನು ಕಾಯುತ್ತಿತ್ತು. ಗಟ್ಟಿ ಸೀಟು ಹಾಕಿಸಿ, ವಾಲ್ವು ಉಜ್ಜಿಸಿ, ಕಾರ್ಬೊರೇಟರ್ ಶಾಫ್ಟಿನ ಸಡಿಲ ತೆಗೆಸಿ. ಅಷ್ಟಾದರೆ ನಿಮ್ಮ ದೂರು ಮುಕ್ಕಾಲು ಪಾಲು ಹೋಗುತ್ತೆ.

ಡೀಸೆಲ್ಲೇ ಬೇಕು ಅನ್ನೋರಿಗೆ ನನ್ನ ಉತ್ತರ ಹಳೇದೇ. ಮಹೀಂದ್ರಾದವರೇ ಈ ಜೀಪಿನ ವಂಶಕ್ಕೆ ಪೂಜೋ ಡೀಸೆಲ್ ಕೂರಿಸಿದ್ದಾರೆ. ಅದರ ಬೆಲ್‌ಹೌಸಿಂಗು, ಮೌಂಟು ಬೆಂಗಳೂರಿನ ಶಿವಾಜಿನಗರದ ಗುಜರಿಯಲ್ಲಿ ಹುಡುಕಬಹುದು. ಎಂಜಿನ್ ನಂಬರು ಬರೆದ ಬಿಲ್ಲು ಇಲ್ಲದೆ ಯಾವ ಗುಜರಿ ಎಂಜಿನ್ನನ್ನೂ ಮನೆಗೆ ತರಬೇಡಿ. ಮೊದಲ ಪತ್ರಕ್ಕೆ ಹೇಳಿದ 52ನೇ ಕಲಮಿನ ಮಾತು ನಿಮಗೂ ಅನ್ವಯ.

ಪ್ರಶ್ನೆ: ಹಾಸನದಲ್ಲಿ ಎಂಜಿನಿಯರಿಂಗ್ ಕೊನೇ ವರ್ಷ ಓದುತ್ತಿದ್ದೇವೆ. ಹಳೇ ಪಿಕಪ್ಪಿಗೆ ಎಲೆಕ್ಟ್ರಿಕ್ ಮೋಟಾರು ಹಾಕುವುದನ್ನು ಪ್ರಾಜೆಕ್ಟ್ ಮಾಡಬಹುದೇ ಅಂಕಲ್?
— ನಾಲ್ವರು ವಿದ್ಯಾರ್ಥಿಗಳು

ಉತ್ತರ: ಮಾಡಿ ಮಕ್ಕಳೇ. ಕಾನೂನು ಒಂದು ಬಾಗಿಲು ತೆರೆದಿಟ್ಟಿರೋದು ನಿಮಗೇ. ಬೇರೆ ಇಂಧನಕ್ಕೆ, ಬ್ಯಾಟರಿಗೆ ಬದಲಾಯಿಸೋದಕ್ಕೆ ಅದೇ 52ನೇ ಕಲಮಿನಲ್ಲಿ ಅವಕಾಶವಿದೆ. ಆದರೆ ಮಾನ್ಯತೆ ಪಡೆದ ಕಿಟ್ ಆಗಿರಬೇಕು. ನೀವೇ ಜೋಡಿಸಿದ್ದನ್ನು ಕಾಲೇಜಿನ ಆವರಣದೊಳಗೆ ಓಡಿಸಿ, ಬೀದಿಗೆ ತರಬೇಡಿ. ನಿಮ್ಮ ಲೆಕ್ಕದಲ್ಲಿ ಒಂದು ವಿಷಯ ಸೇರಿಸಿ. ಘಾಟಿ ಇಳಿಯುವಾಗ ಮೋಟಾರು ಬ್ಯಾಟರಿಗೆ ಕರೆಂಟು ವಾಪಸ್ ತುಂಬುತ್ತಾ ಗಾಡಿಯನ್ನು ಹಿಡಿಯುತ್ತೆ. ಮೇಲೆ ಹೊರಡುವಾಗಲೇ ಬ್ಯಾಟರಿ ಪೂರ್ತಿ ತುಂಬಿದ್ದರೆ ಆ ಕರೆಂಟಿಗೆ ಜಾಗವಿಲ್ಲ, ಆ ಹಿಡಿತವೂ ಇಲ್ಲ. ಸಕಲೇಶಪುರದಲ್ಲಿ ಚಾರ್ಜ್ ಮಾಡೋರು ಎಷ್ಟಕ್ಕೆ ನಿಲ್ಲಿಸಬೇಕು ಅಂತ ಲೆಕ್ಕ ಹಾಕಿ ನನಗೂ ಬರೆದು ಕಳಿಸಿ. ನನಗೆ ನಿಜಕ್ಕೂ ತಿಳಿಯುವ ಆಸೆ.

ಪ್ರಶ್ನೆ: ನಮ್ಮ ಯಜಮಾನರು ತೀರಿಕೊಂಡು ಎರಡು ವರ್ಷವಾಯಿತು. ಅವರು ಜೋಪಾನ ಮಾಡಿದ್ದ 1950ರ ದಶಕದ ಫಾರ್ಗೋ ಪಿಕಪ್ ಇದೆ. ಒಬ್ಬರು ಬಂದು, ಈ ಹಳೇ ಎಂಜಿನ್ ತೆಗೆದು ಡೀಸೆಲ್ ಹಾಕಿಸಿದರೆ ಒಳ್ಳೇ ಬೆಲೆ ಬರುತ್ತದೆ, ಹಳೇ ಎಂಜಿನ್ ನಾನೇ ತೆಗೆದುಕೊಂಡು ಹೋಗುತ್ತೇನೆ ಎಂದರು. ಏನು ಮಾಡಲಿ?
— ಹಾಸನದ ಓದುಗರು

ಉತ್ತರ: ಅಮ್ಮಾ, ಆ ಎಂಜಿನ್ನನ್ನು ಯಾರಿಗೂ ಕೊಡಬೇಡಿ. ಗಾಡಿಯ ಬೆಲೆ ಇರೋದೇ ಅದರಲ್ಲಿ.

2021ರ ಜುಲೈಯಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ಗಾಡಿಗಳಿಗೆ ಬೇರೆ ನೋಂದಣಿ ತಂದಿದೆ. 50 ವರ್ಷ ಮೀರಿರಬೇಕು. ಚಾಸಿ, ಬಾಡಿ, ಎಂಜಿನ್ನಿನಲ್ಲಿ ದೊಡ್ಡ ಬದಲಾವಣೆ ಆಗಿರಬಾರದು. ನಂಬರ್ ಪ್ಲೇಟಿನಲ್ಲಿ ರಾಜ್ಯದ ಅಕ್ಷರದ ನಂತರ ವಿಎ ಅಂತ ಬರುತ್ತೆ. ಹೊಸ ನೋಂದಣಿಗೆ 20,000 ರೂಪಾಯಿ, ಹತ್ತು ವರ್ಷಕ್ಕೆ. ಆಮೇಲಿನ ನವೀಕರಣಕ್ಕೆ 5,000. ದಿನನಿತ್ಯ ಓಡಿಸುವಂತಿಲ್ಲ. ಪ್ರದರ್ಶನ, ರ‍್ಯಾಲಿ, ರಿಪೇರಿ, ಪೆಟ್ರೋಲ್ ಹಾಕಿಸೋದು ಇಂಥದ್ದಕ್ಕೆ ಮಾತ್ರ. ಡೀಸೆಲ್ ಕೂರಿಸಿದ ದಿನವೇ ಈ ದಾರಿ ಮುಚ್ಚಿಹೋಗುತ್ತೆ. ಬಂದವರು ಎಂಜಿನ್ ಮಾತ್ರ ಕೇಳಿದ್ದು ಯಾಕೆ ಅಂತ ನೀವೇ ಯೋಚಿಸಿ.

ಮಾರಲೇಬೇಕು ಅನ್ನಿಸಿದರೆ ಇಡೀ ಗಾಡಿಯಾಗಿ ಮಾರಿ, ಅವಸರ ಬೇಡ. ಅಲ್ಲಿಯವರೆಗೆ ಟ್ಯಾಂಕಿನ ಪೆಟ್ರೋಲನ್ನು ಪೂರ್ತಿ ಬಸಿಯಿಸಿಬಿಡಿ. ಈಗಿನ ಪೆಟ್ರೋಲಿನಲ್ಲಿ ಶೇ 20 ಎಥನಾಲ್ ಇರುತ್ತೆ, ಅದು ಮಳೆಗಾಲದ ಗಾಳಿಯ ತೇವ ಹೀರಿ ಟ್ಯಾಂಕಿನ ತಳಕ್ಕೆ ನೀರು ಇಳಿಸುತ್ತೆ, ಹಳೇ ರಬ್ಬರನ್ನೂ ತಿನ್ನುತ್ತೆ.

ಇನ್ನೊಂದು ಕೆಲಸ ಇವತ್ತೇ ಮಾಡಿ. ಮುಂಬಯಿಯ ಕುರ್ಲಾದಲ್ಲಿ ಪ್ರೀಮಿಯರ್ ಕಂಪನಿ ಜೋಡಿಸುತ್ತಿದ್ದ ಫಾರ್ಗೋದಲ್ಲಿರೋದು ಕ್ರೈಸ್ಲರ್ ಮನೆತನದ ಎಂಜಿನ್ನು. ಅದರ ನಂಬರು ಬ್ಲಾಕಿನ ಎಡಬದಿಯಲ್ಲಿ, ಮುಂಭಾಗಕ್ಕೆ, ಹೆಡ್ಡಿನ ಕೆಳಗೇ ಉಬ್ಬಿದ ಒಂದು ಸಣ್ಣ ಪಟ್ಟಿಯ ಮೇಲೆ ಕೊರೆದಿರುತ್ತೆ. ಎಮರಿ ಕಾಗದ ಮುಟ್ಟಿಸಬೇಡಿ, ಅಕ್ಷರ ಅಳಿಸಿದರೆ ಮತ್ತೆ ತರೋಕಾಗಲ್ಲ. ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆಯಿಂದ ಮೆಲ್ಲಗೆ ಒರೆಸಿ, ಒಣಗಿದ ಮೇಲೆ ಮಕ್ಕಳ ಸೀಮೆಸುಣ್ಣವನ್ನು ಅಡ್ಡ ಹಿಡಿದು ಉಜ್ಜಿ. ನಂಬರು ಬಿಳಿಯಾಗಿ ಎದ್ದು ಬರುತ್ತೆ. ಯಜಮಾನರ ಆರ್.ಸಿ. ಪುಸ್ತಕ ತೆಗೆದು ಪಕ್ಕದಲ್ಲಿಟ್ಟು ಒಂದೊಂದೇ ಅಂಕಿ ಹೊಂದಿಸಿ ನೋಡಿ. ಎರಡನ್ನೂ ಒಂದೇ ಫೋಟೋದಲ್ಲಿ ಬರುವ ಹಾಗೆ ತೆಗೆದು, ಮಕ್ಕಳ ಫೋನಿನಲ್ಲೂ ಒಂದು ಪ್ರತಿ ಇಡಿ.